ಮಾರ್ತಾಂಡರಾಯರ ಪ್ರಶ್ನೆ, ಸ್ವಪ್ನಿಲನ ಗಾಡಿ

ಅಂಗಡಿ ಯಾವುದೇ ಇರಲಿ, ಮಾರ್ತಾಂಡರಾವ್ ಹೆಬಸೂರರು ಸಾಮಾನು ಮುಟ್ಟುವ ಮೊದಲು, ದರ ವಿಚಾರಿಸುವ ಮೊದಲು, ಒಂದು ಪ್ರಶ್ನೆಯನ್ನು ಕೇಳಿಯೇ ತೀರುತ್ತಾರೆ. ಪುಣೆಯ ಕಾಯಿಪಲ್ಲೆ ಸಂತೆ ಮಂಡಯಿಯಲ್ಲಿ ಮೆಂತ್ಯದ ಸೂಡುಗಳನ್ನು ಒಟ್ಟಿಕೊಂಡು ಕೂತ ಹೆಂಗಸಿನ ಎದುರು ತುಸು ಬಾಗಿ, ಆಕೆಯ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಕೇಳುತ್ತಾರೆ: "ನಿಮಗ ಕನ್ನಡ ತಿಳೀತದೇನ್ರಿ?" ಆಕೆ ಕಣ್ಣು ಕಿರಿದು ಮಾಡಿ "ಕಾಯ್ ಕಾಕಾ?" ಏನು ಕಾಕಾ, ಎನ್ನುತ್ತಾಳೆ. ಇವರು ಮತ್ತೊಮ್ಮೆ ಕೇಳುತ್ತಾರೆ. ಇಲ್ಲವೆಂದು ಆಕೆ ತಲೆಯಲ್ಲಾಡಿಸಿದ ಮೇಲೆಯೇ ಮೆಂತ್ಯದ ಮಾತು. ಕ್ಷೌರದಂಗಡಿಯಲ್ಲಿ, ಔಷಧದ ಅಂಗಡಿಯಲ್ಲಿ, ರಿಕ್ಷಾ ಹತ್ತುವ ಮುಂಚೆ, ಎಲ್ಲಿಯೂ ಇದೇ ವಿಧಿ. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಾರೆ, ರಿಕ್ಷಾದವನು ಗೇರು ಹಾಕಿ ಹೊರಟೇಬಿಡುತ್ತಾನೆ, ರಾಯರು ಮಾತ್ರ ತಮ್ಮ ಪ್ರಶ್ನೆಯನ್ನು ಬಿಟ್ಟುಕೊಡುವವರಲ್ಲ.

ಇದನ್ನು ಕಂಡ ನಮ್ಮ ಕನ್ನಡ ಬಳಗದವರಿಗೆ ರೋಮಾಂಚನವಾಯಿತು. ಬಳಗದ ಕಾರ್ಯದರ್ಶಿ ಅನಂತರಾಮು ಮೈಸೂರು ಕಡೆಯವರು, ಖರಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಉತ್ಸಾಹ ಹೆಚ್ಚು, ಗಮನ ಕಡಿಮೆ. ಒಂದು ಭಾನುವಾರ ಹಣ್ಣಿನ ಗಾಡಿಯೆದುರು ರಾಯರು ಪ್ರಶ್ನೆ ಕೇಳುವುದನ್ನು ಮೊಬೈಲಿನಲ್ಲಿ ಹಿಡಿದು ಬಳಗದ ಗುಂಪಿಗೆ ಹಾಕಿ, "ನೋಡಿ ಫ್ರೆಂಡ್ಸ್, ಇದಪ್ಪಾ ಭಾಷಾಭಿಮಾನ ಅಂದ್ರೆ!" ಎಂದು ಬರೆದರು. ಹೆಬ್ಬೆರಳುಗಳ, ಕೈಮುಗಿದ ಚಿತ್ರಗಳ ಸುರಿಮಳೆ. ರಾಜ್ಯೋತ್ಸವಕ್ಕೆ ಶಾಲು ಹೊದಿಸಲೇಬೇಕೆಂದು ಅಲ್ಲೇ ತೀರ್ಮಾನವೂ ಆಯಿತು. ಇಷ್ಟು ಜನರಲ್ಲಿ ಒಬ್ಬರಿಗಾದರೂ ಇನ್ನೊಂದು ಸಂಗತಿ ಹೊಳೆಯಬೇಡವೇ? ಕಂಡಕಂಡವರಿಗೆಲ್ಲ ಕನ್ನಡ ತಿಳಿಯುತ್ತದೆಯೇ ಎಂದು ಕೇಳುವ ಈ ಮನುಷ್ಯ, ಅದೇ ಅಂಗಡಿಯಲ್ಲಿ ಪಕ್ಕಕ್ಕೆ ನಿಂತ ಸ್ವಂತ ಹೆಂಡತಿಯ ಸಂಗಡ ಮರಾಠಿಯಲ್ಲಿ ಮಾತಾಡುತ್ತಾನೆ. ಧಾರವಾಡದ ಹೆಬಸೂರರು, ಧಾರವಾಡದ ಮಗಳೇ ಆದ ಶಾಮಲಾಬಾಯಿಗೆ, "ಹೇ ಘೇಊ ಕಾ?" ಇದನ್ನು ಕೊಳ್ಳಲೇ, ಎಂದು ಕೇಳುತ್ತಾರೆ! ಅಭಿಮಾನದ ಲಕ್ಷಣ ಇದಲ್ಲ. ಇದು ನಾಚಿಕೆಯ ಲಕ್ಷಣ. ಅದರ ಕಥೆ ಶಾಮಲಾಬಾಯಿಯ ಬಾಯಿಂದಲೇ ನಮ್ಮ ಮನೆಯ ಹೆಂಗಸರ ಕಿವಿಗೆ ಬಿದ್ದು, ಅಲ್ಲಿಂದ ಇಲ್ಲಿಗೆ ಬಂದದ್ದು.

ಮೊದಲು ಮನುಷ್ಯನನ್ನು ನೋಡಿ. ಎತ್ತರದ, ಒಣಕಲು ಮೈ. ನಡೆಯುವಾಗ ಬಲಗಿವಿ ಒಂದು ಅಂಗುಲ ಮುಂದೆ, ಉಳಿದ ದೇಹ ಅದರ ಹಿಂದೆ. ಬೇಸಿಗೆಯಿರಲಿ ಮಳೆಯಿರಲಿ ತೋಳಿಲ್ಲದ ಖಾಕಿ ಜಾಕೀಟು ಮೈಮೇಲೆ, ಅದರ ಜೇಬುಗಳ ತುಂಬ ಅಂಗಿಯ ಗುಂಡಿಯಷ್ಟೇ ದೊಡ್ಡ ಬ್ಯಾಟರಿಗಳ ಪೊಟ್ಟಣಗಳು. ರಾಯರ ಕಸುಬು ಕಿವಿಯದು. ಕರ್ವೆನಗರದ ಮನೆಯ ಮುಂಗೋಣೆಯಲ್ಲಿ ಒಂದು ಫಲಕವುಂಟಾದರೂ ಅವರ ನಿಜವಾದ ಅಂಗಡಿ ಊರೆಲ್ಲ. ಮೆಟ್ಟಿಲಿಳಿಯಲಾರದ ಮುದುಕರ ಮನೆಗೆ ತಾವೇ ಹೋಗಿ, ಕಿವಿ ಪರೀಕ್ಷಿಸಿ, ಕೇಳಿಸುವ ಯಂತ್ರ ಕೂಡಿಸಿ, ಅದು ಕುಂಯ್‌ಗುಟ್ಟಿದರೆ ಮತ್ತೆ ಹೋಗಿ ಸರಿಮಾಡಿ ಬರುತ್ತಾರೆ. ಹರೆಯದಲ್ಲಿ ಅವರಿಗೆ ಸೊಗಸಾದ ಮೀಸೆಯಿತ್ತಂತೆ. ಕಿವಿ ಮಂದವಾದವರು ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ, ಅದಕ್ಕೆ ಮೀಸೆ ಅಡ್ಡವೆಂದು ತಿಳಿದ ದಿನವೇ ಬೋಳಿಸಿಬಿಟ್ಟರು. ಹೆಂಡತಿ ಬಹಳ ಬೇಡಿಕೊಂಡರೂ ಮತ್ತೆ ಬಿಡಲಿಲ್ಲ.

ಹೋದ ಮನೆಗಳಲ್ಲಿ ಅವರದೊಂದು ಕಟ್ಟುನಿಟ್ಟು. ದೇಹೂ ರೋಡಿನಲ್ಲಿ ನಿವೃತ್ತ ಸುಬೇದಾರರೊಬ್ಬರ ಮನೆಗೆ ಹೋದಾಗ, ಮುದುಕರು ಕುರ್ಚಿಯಲ್ಲಿ ಕೂತಿರುವಂತೆಯೇ ಮಗನೂ ಸೊಸೆಯೂ ಅವರ ತಲೆಯ ಮೇಲೆ ಮಾತಾಡತೊಡಗಿದರು. ಇವರದು ಇನ್ನೆಷ್ಟು ದಿನ, ಇಷ್ಟು ದುಬಾರಿಯ ಯಂತ್ರ ಬೇಕೋ ಬೇಡವೋ, ಹೇಗೂ ಅವರಿಗೆ ಕೇಳಿಸುವುದಿಲ್ಲ ಬಿಡಿ, ಎಂದೆಲ್ಲ. ಮಾರ್ತಾಂಡರಾಯರು ತೆರೆದ ಪೆಟ್ಟಿಗೆಯನ್ನು ಮುಚ್ಚಿ ಎದ್ದು ನಿಂತರು. "ಎದುರಿಗೆ ಕೂತ ಮನುಷ್ಯನನ್ನು ಗೋಡೆ ಮಾಡಿ ಮಾತಾಡಬೇಡಿ. ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ನಿಮ್ಮ ಮುಖದಿಂದಲೇ ಅವರಿಗೆ ಎಲ್ಲ ಗೊತ್ತಾಗುತ್ತದೆ," ಎಂದು ಶುದ್ಧ ಮರಾಠಿಯಲ್ಲಿ ಝಾಡಿಸಿದರು. ಮಗ ಕ್ಷಮೆ ಕೇಳಿದ, ತಮ್ಮಲ್ಲಲ್ಲ, ಅಪ್ಪನಲ್ಲಿ ಕೇಳಬೇಕೆಂದರು ರಾಯರು, ಅವನು ಅಪ್ಪನ ಕೈಹಿಡಿದು ಕೇಳಿದ. ಆಮೇಲೆಯೇ ಪೆಟ್ಟಿಗೆ ತೆರೆದದ್ದು. ಇಂಥ ಮನುಷ್ಯ ಇವರು.

ಇಂಥ ಮನುಷ್ಯನಿಗೂ ಒಂದು ಹಳೆಯ ಚಟವಿತ್ತು, ನಿಜ ಹೇಳಬೇಕೆಂದರೆ ಅದು ಪುಣೆಯ ನಮ್ಮೆಲ್ಲರ ಚಟ. ಬಾಗಿಲ ಹೊರಗೆ ಕಾಲಿಟ್ಟರೆ ಮರಾಠಿ, ಆದರೆ ಚೌಕಾಸಿಗೆ ಕೂತಾಗ ಗಂಡಹೆಂಡಿರ ನಡುವೆ ಕನ್ನಡ. ಅಂಗಡಿಯವನ ಮುಖದೆದುರೇ ಅವನ ಸರಕನ್ನು, ಅವನ ತೂಕವನ್ನು, ಬೇಕಾದರೆ ಅವನ ಹೊಟ್ಟೆಯನ್ನೂ ಆಡಿಕೊಳ್ಳಬಹುದು, ಅವನು ನಗುತ್ತಲೇ ಇನ್ನೊಂದು ಸೀರೆ ಬಿಡಿಸಿ ಹರಡುತ್ತಾನೆ. ರಾಯರು ಈ ವಿದ್ಯೆಯಲ್ಲಿ ಪಾರಂಗತರು. ಲಕ್ಷ್ಮೀ ರಸ್ತೆಯ ಅಂಗಡಿಯಲ್ಲಿ ಬಾಯಿತುಂಬ ಮರಾಠಿಯಲ್ಲಿ "ವಾಹ್, ಕಾಯ್ ರಂಗ ಆಹೆ!" ಎಂದು ಬಣ್ಣವನ್ನು ಹೊಗಳಿ, ಅದೇ ಉಸಿರಿನಲ್ಲಿ ಹೆಂಡತಿಯ ಕಡೆ ತಿರುಗಿ, "ಒಂದ ಸಲ ಒಗದ್ರ ಬಣ್ಣ ಮೋರಿಗೆ ಹೋಗತದ. ಮಾರಿ ಸೊಟ್ಟ ಮಾಡು, ಇಳಸ್ತಾನ," ಎನ್ನುತ್ತಿದ್ದರು. ಶಾಮಲಾಬಾಯಿ ಸೆರಗಿನಿಂದ ನಗು ಮುಚ್ಚಿಕೊಂಡು ಮುಖ ಸೊಟ್ಟ ಮಾಡುತ್ತಿದ್ದರು. ಪರವೂರಿನಲ್ಲಿ ಹೊಸದಾಗಿ ಸಂಸಾರ ಹೂಡಿದ ಇಬ್ಬರಿಗೆ ಅದೊಂದು ಸರಸವೂ ಆಗಿತ್ತು, ಮನೆಯ ಒಂದು ಸಣ್ಣ ಕೋಣೆಯನ್ನು ಹೋದಲ್ಲೆಲ್ಲ ಹೊತ್ತುಕೊಂಡು ಹೋದಂತೆ. ಅದರ ಗೋಡೆ ತಮ್ಮ ಕಡೆಯಿಂದ ಮಾತ್ರ ಗೋಡೆ ಎಂಬುದನ್ನು ಅವರು ಯೋಚಿಸಿರಲಿಲ್ಲ.

ಕೊರೋನಾದ ಕಾಲ ಮುಗಿದ ಮೇಲೆ ಮನೆಗೆ ಬಂದು ನೋಡಿರೆಂಬ ಕರೆಗಳು ಹೆಚ್ಚಿದವು. ರಾಯರ ಬಳಿ ಇದ್ದದ್ದು ಒಂದು ಹಳೆಯ ಸ್ಕೂಟರು. ಪರೀಕ್ಷೆಯ ಯಂತ್ರವನ್ನು ಮಗುವಿನಂತೆ ಕೌದಿಯಲ್ಲಿ ಸುತ್ತಿ ಕಾಲುಗಳ ನಡುವೆ ಇಟ್ಟುಕೊಂಡು ಓಡಾಡುತ್ತಿದ್ದರು. ಶಿರೂರಿನ ದಾರಿಯಲ್ಲಿ ಒಂದು ದೊಡ್ಡ ತಗ್ಗಿಗೆ ಬಿದ್ದ ದಿನ, ಅಲ್ಲಿನ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಯಂತ್ರವೇ ಮೂಕವಾಗಿ ಕೂತಿತು. ಶಬ್ದ ಕೇಳಿದಾಗ ಬೆರಳೆತ್ತಬೇಕೆಂದು ಹೇಳಿಸಿಕೊಂಡಿದ್ದ ಆ ತಾಯಿ, ಕಣ್ಣು ಮುಚ್ಚಿ ಕಾದಳು, ಕಾದಳು, ಬೆರಳೆತ್ತಲಿಲ್ಲ. ಕೊನೆಗೆ ತನ್ನ ಕಿವಿ ಪೂರ್ತಿ ಹೋಯಿತೆಂದು ತಿಳಿದು ಅಳತೊಡಗಿದಳು. ಕೆಟ್ಟದ್ದು ನಿಮ್ಮ ಕಿವಿಯಲ್ಲ, ನನ್ನ ಪೆಟ್ಟಿಗೆ, ಎಂದು ಒಪ್ಪಿಸುವಷ್ಟರಲ್ಲಿ ರಾಯರಿಗೆ ಸಾಕುಬೇಕಾಯಿತು. ಒಂದು ಗಾಡಿ ಬೇಕೇಬೇಕೆಂದು ಅಂದೇ ನಿಶ್ಚಯಿಸಿದರು. ಹೊಸದಕ್ಕೆ ಕೈ ಎಟುಕದು, ಹಳೆಯದು, ಅಗ್ಗದ್ದು, ಪೆಟ್ಟಿಗೆ ಅಲುಗದಂತೆ ಒಯ್ಯುವಂಥದ್ದು ಸಾಕು.

ಪರಿಚಯದ ಮೆಕ್ಯಾನಿಕ್ಕನೊಬ್ಬ ಯೆರವಡಾದ ಒಂದು ಗಲ್ಲಿಯ ವಿಳಾಸ ಕೊಟ್ಟ. ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನು, ನಡೆಸುತ್ತಿದ್ದ ಸ್ವಪ್ನಿಲ್ ಎಂಬವನು ಕಳೆದ ಮಳೆಗಾಲದಲ್ಲಿ ತೀರಿಕೊಂಡಿದ್ದಾನೆ, ಹೆಂಡತಿ ಮಾರುತ್ತಿದ್ದಾಳೆ. ಗಂಡಹೆಂಡಿರು ಬೆಳಿಗ್ಗೆಯೇ ಹೋದರು. ಬೂದು ಬಣ್ಣದ ವ್ಯಾನು, ಬಣ್ಣ ಅಲ್ಲಲ್ಲಿ ಮಾಸಿತ್ತು, ಸರಿಯುವ ಬಾಗಿಲಿನ ಅಂಚಿಗೆ ಸೈಕಲ್ಲಿನ ಟ್ಯೂಬನ್ನು ಸೀಳಿ ಉದ್ದಕ್ಕೂ ಅಂಟಿಸಲಾಗಿತ್ತು. ಹಿಂದಿನ ಗಾಜಿನ ಮೇಲೆ ಇಲ್ಲಿನ ಪದ್ಧತಿಯಂತೆ ಮನೆಯವರ ಹೆಸರು: ಹರ್ಷದಾ. ಆ ಹರ್ಷದಾಳೇ ಹೊರಗೆ ಬಂದು ಬೀಗದ ಕೈ ಕೊಟ್ಟಳು. ಮೂವತ್ತರ ಆಸುಪಾಸಿನ ಹೆಣ್ಣು, ಮಾತು ಕಡಿಮೆ. ರಾಯರು ಒಂದು ಸುತ್ತು ಓಡಿಸಿ ನೋಡಿದರು. ಗಾಡಿ ಚೆನ್ನಾಗಿಯೇ ಓಡಿತು, ಅದು ಅವರ ಕಿವಿಗೆ ಮೊದಲ ಗೇರಿನಲ್ಲೇ ತಿಳಿದಿತ್ತು. ಆದರೆ ತಿಳಿದದ್ದನ್ನು ಒಪ್ಪಿಕೊಂಡರೆ ಚೌಕಾಸಿ ಎಲ್ಲಿ ಉಳಿಯಿತು? ಮನೆಯೊಳಗೆ ಕೂತು ಮಾತಿಗಿಳಿದರು.

ಮುಂದಿನದನ್ನು ಹೇಳುವುದಕ್ಕೂ ನಾಚಿಕೆಯಾಗುತ್ತದೆ. ಹರ್ಷದಾ ತನ್ನ ಬೆಲೆ ಹೇಳಿದಳು. ರಾಯರು ಮರಾಠಿಯಲ್ಲಿ "ಗಾಡಿ ಛಾನ್ ಆಹೆ, ತಾಈ," ಗಾಡಿ ಚೆನ್ನಾಗಿದೆ ಅಕ್ಕಾ, ಎಂದು ಬೆಣ್ಣೆಯಂತೆ ನುಡಿದು, ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದರು.

"ಬಾಗಲಕ್ಕ ಟ್ಯೂಬ್ ಹಚ್ಚ್ಯಾನ ನೋಡು, ಮಳಿನೀರು ಒಳಗ ಬರತಿರಬೇಕು. ಡಬ್ಬಾ ಅದ. ನೀ ಏನೂ ಅನಬ್ಯಾಡ, ಮಾರಿ ಗಂಟು ಹಾಕ್ಕೊಂಡು ಕೂಡು."

ಹರ್ಷದಾ ತುಸು ಇಳಿಸಿದಳು. ರಾಯರು ಹಣೆ ಒರೆಸಿಕೊಂಡರು.

"ಗಂಡನ್ನ ಕಳಕೊಂಡಾಕಿ, ರೊಕ್ಕದ ಗರಜ ಅದ ಈಕಿಗೆ. ಇನ್ನೀಟ ಸುಮ್ಮ ಕೂತ್ರ ತಾನs ಇಳೀತಾಳ."

"ಸುಮ್ನಿರ್ರಿ," ಎಂದರು ಶಾಮಲಾಬಾಯಿ. "ಮುಂದs ಕೂತಾರ ಅವರು."

"ಕೂತ್ರ ಕೂಡ್ಲಿ. ಏನ್ ತಿಳೀತದ ಅಕಿಗೆ?" ಎಂದ ರಾಯರು ಗೋಡೆಯ ಮೇಲೆ ಮಾಲೆ ಹಾಕಿದ್ದ ಪಟದ ಕಡೆ ಕಣ್ಣು ಹಾಯಿಸಿದರು. "ಆ ಕಣ್ಣು ನೋಡು. ಕುಡದು ಕುಡದs ಹೋಗಿರಬೇಕು. ಅಂಥಾಂವ ಗಾಡಿ ಎಷ್ಟ ಚೊಲೋ ಇಟ್ಟಿದ್ದಾನು?"

ಅಷ್ಟರಲ್ಲಿ ಎದ್ದುಹೋಗಿ ಚಹಾದ ಬಟ್ಟಲು ಹಿಡಿದು ಬರುತ್ತಿದ್ದ ಹರ್ಷದಾ ಅಲ್ಲಿಯೇ ಒಂದು ಕ್ಷಣ ನಿಂತಳು. ಆಮೇಲೆ ಬಟ್ಟಲನ್ನು ರಾಯರ ಮುಂದಿಟ್ಟು, ಮರಾಠಿಯಲ್ಲಿ, ಸಕ್ಕರೆ ಸಾಕೇ ಎಂದು ಕೇಳಿದಳು. ಸಾಕೆಂದರು. ರಾಯರು ಆಡಿದ ಕೊನೆಯ ದರಕ್ಕೆ, ಇನ್ನೊಂದು ಮಾತೂ ಆಡದೆ, "ಚಾಲೇಲ್," ಆಗಲಿ, ಎಂದು ಒಪ್ಪಿಬಿಟ್ಟಳು. ಒಳಗೊಳಗೇ ಗೆದ್ದೆನೆಂದು ಬೀಗಿದರು ನಮ್ಮ ರಾಯರು. ಅವಳು ಒಪ್ಪಿದ್ದು ದರಕ್ಕಲ್ಲ, ಇವರು ಎದ್ದು ಹೋದರೆ ಸಾಕೆಂದು, ಎನ್ನುವುದು ಹೊಳೆದದ್ದು ಆಮೇಲೆ.

ಕಾಗದಗಳಿಗೆ ಸಹಿಯಾಯಿತು, ಹರ್ಷದಾ ಒಳಗೆ ಹೋದಳು. ರಾಯರು ಗಾಡಿಯೊಳಗೆ ಕೂತು, ಶಾಮಲಾಬಾಯಿ ಪಕ್ಕಕ್ಕೆ ಕೂತು, ಇನ್ನೇನು ಹೊರಡಬೇಕು, ಅಷ್ಟರಲ್ಲಿ ಮನೆಯೊಳಗಿನಿಂದ ಒಬ್ಬ ಮುದುಕಿಯ ಧ್ವನಿ ಕೇಳಿಸಿತು. ಕಿವಿ ಮಂದವಾದವರು ತಮ್ಮ ಧ್ವನಿಯ ಅಳತೆ ತಪ್ಪಿ ಕೂಗಿ ಮಾತಾಡುತ್ತಾರಲ್ಲ, ಅಂಥ ಧ್ವನಿ. ರಾಯರ ಕಸುಬಿನ ಕಿವಿ ಅದನ್ನು ತಟ್ಟನೆ ಗುರುತಿಸಿತು. ಗುರುತಿಸಿದ್ದು ಅದೊಂದನ್ನೇ ಅಲ್ಲ.

"ಹರ್ಷಾ, ಹ್ವಾದ್ರೇನವಾ ಅವರು? ಗಾಡಿ ನೋಡಿ ಏನಂದ್ರು?"

ಮಗಳು ತಾಯಿಗೆ ಕೇಳಿಸಲೆಂದು ಗಟ್ಟಿಯಾಗಿ, ಗಡಿಯ ಅಕ್ಕಲಕೋಟೆ ಕಡೆಯ ಅಚ್ಚ ಕನ್ನಡದಲ್ಲಿ ಕೂಗಿ ಹೇಳಿದಳು:

"ಹ್ವಾದ್ರು ಯವ್ವಾ. ಭಾಳ ಚೊಲೋ ಐತಿ ಅಂದ್ರು. ನಿನ್ನ ಅಳಿಯ ಗಾಡಿ ಭಾಳ ಛಂದ ಇಟ್ಟಾನ ಅಂತ ಹೊಗಳಿದ್ರು."

ಮಾರ್ತಾಂಡರಾಯರ ಕೈ ಗೇರಿನ ಮೇಲೆ ಹಾಗೆಯೇ ನಿಂತಿತು. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ, ಶಾಮಲಾಬಾಯಿಯೂ ಇತ್ತ ನೋಡಲಿಲ್ಲ. ಇಳಿದು ಹೋಗಿ ಕಾಲು ಹಿಡಿಯಬೇಕಾಗಿತ್ತು, ಹೌದು. ಆದರೆ ಮನುಷ್ಯ ಅಂಥ ಹೊತ್ತಿನಲ್ಲಿ ಮಾಡುವುದೇ ಬೇರೆ, ರಾಯರು ಕಳ್ಳನ ಹಾಗೆ ಗಾಡಿ ಹೊರಡಿಸಿಕೊಂಡು ಹೋಗಿಬಿಟ್ಟರು.  ಮನೆಯೆದುರು ಇಳಿದಾಗ ಶಾಮಲಾಬಾಯಿ ಇಷ್ಟೇ ಅಂದರು: "ಸುಬೇದಾರರ ಮಗಗ ಏನ್ ಹೇಳಿದ್ರಿ ನೀವು, ನೆನಪದ ಏನ್ರಿ?"

ಗಾಡಿ ಕೆಟ್ಟದ್ದಾಗಿದ್ದರೆ ರಾಯರು ಬದುಕಿಕೊಳ್ಳುತ್ತಿದ್ದರು. ಬೈದುಕೊಂಡು ಓಡಿಸಿ, ತಾವಾಡಿದ ಮಾತಿನಲ್ಲಿ ಅಷ್ಟಾದರೂ ಸತ್ಯವಿತ್ತೆಂದು ಸಮಾಧಾನಪಡುತ್ತಿದ್ದರು. ಆದರೆ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ಚಳಿಯ ಬೆಳಗಿನಲ್ಲೂ ಮೊದಲ ಸಲಕ್ಕೇ ಶುರುವಾಗುತ್ತಿತ್ತು. ಯಂತ್ರದ ಪೆಟ್ಟಿಗೆ ಒಳಗೆ ಅಲುಗಾಡದೆ ಕೂತಿರುತ್ತಿತ್ತು. ಮೊದಲ ಮಳೆಯ ದಿನ ರಾಯರು ಬಾಗಿಲಿನ ಕಡೆ ಕಣ್ಣಿಟ್ಟು ಕಾದರು, ಒಂದು ಹನಿ ನೀರೂ ಒಳಗೆ ಬರಲಿಲ್ಲ. ಹಾಗಾದರೆ ಆ ಟ್ಯೂಬು ಯಾತಕ್ಕೆ? ಅದೂ ಒಂದು ದಿನ ತಿಳಿಯಿತು. ಪಕ್ಕದ ಮನೆಯ ಪುಟ್ಟ ಹುಡುಗಿ ಮಂಜರಿ ಗಾಡಿ ಹತ್ತುವ ಆಟ ಆಡುತ್ತ ಬಾಗಿಲನ್ನು ಎಳೆದುಬಿಟ್ಟಳು, ಬೆರಳು ಅಂಚಿಗೆ ಸಿಕ್ಕಿತು. ರಾಯರು ಚೀರಿಕೊಂಡು ಓಡಿಬಂದರೆ ಮಗು ನಗುತ್ತಿದೆ, ಬೆರಳು ರಬ್ಬರಿನೊಳಗೆ ಮೆತ್ತಗೆ ಕೂತಿದೆ. ಮಕ್ಕಳ ಕೈಯ ಎತ್ತರಕ್ಕೆ, ಅಷ್ಟೇ ಉದ್ದಕ್ಕೆ, ದುಪ್ಪಟ್ಟು ಮಡಿಸಿ ಅಂಟಿಸಿದ್ದ ಪುಣ್ಯಾತ್ಮ. ರಾಯರು ಆ ದಿನ ಊಟ ಬಿಟ್ಟರು. ಶಾಮಲಾಬಾಯಿ ಎರಡು ಸಲ ಕರೆದು ಸುಮ್ಮನಾದರು.

ಅಲ್ಲಿಂದಾಚೆಗೆ ಯೆರವಡಾದ ದಾರಿ ಬಂದಾಯಿತು. ಶಿರೂರಿಗೆ ಹೋಗಬೇಕಾದರೂ ಹಡಪಸರದ ಕಡೆಯಿಂದ ಸುತ್ತುಹಾಕಿ ಖರಾಡಿಗೆ ಬಂದು ನಗರ ರಸ್ತೆ ಸೇರುವರು. ಎಣ್ಣೆ ಹಾಳು, ಹೊತ್ತು ಹಾಳು. ಹಿಂದಿನ ಗಾಜಿನ ಮೇಲಿನ ಹರ್ಷದಾ ಎಂಬ ಹೆಸರನ್ನು ಕೆರೆಸಿ ತೆಗೆಯಲು ಕೈ ಬರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನವರು ಆ ಹೆಸರು ಓದುತ್ತಾರಲ್ಲ ಎಂದು ಬೆನ್ನು ಬಿಸಿಯಾಗುತ್ತಿತ್ತು. ಆಗಲೇ ಹುಟ್ಟಿಕೊಂಡದ್ದು ಆ ಪ್ರಶ್ನೆ. ಇನ್ನೊಬ್ಬರ ಎದುರಿಗೆ ಅವರಿಗೆ ತಿಳಿಯದೆಂದು ಬಾಯಿಬಿಡಬಾರದು, ಆದ್ದರಿಂದ ಮೊದಲು ಕೇಳಿಬಿಡುವುದು. ತಿಳಿಯದೆಂದು ಅವರು ಹೇಳಿದ ಮೇಲೂ ನಂಬಿಕೆಯಿಲ್ಲ, ಆದ್ದರಿಂದ ಹೆಂಡತಿಯ ಜೊತೆಗೂ ಮರಾಠಿ. ಹರೆಯದಿಂದ ಹೊತ್ತು ತಿರುಗಿದ್ದ ಆ ಸಣ್ಣ ಕೋಣೆಗೆ ರಾಯರು ತಾವೇ ಬೀಗ ಹಾಕಿದರು, ಪಾಪ, ಶಾಮಲಾಬಾಯಿಯೂ ಹೊರಗುಳಿದರು.

"ಒಮ್ಮೆ ಹೋಗಿ ಬರ್ರಿ," ಎಂದು ಅವರು ಹೇಳುತ್ತಲೇ ಇದ್ದರು. "ತಪ್ಪಾತು ಅನ್ರಿ, ಮುಗೀತದ."

"ಏನಂತ ಅನ್ಲಿ? ನಿಮ್ಮ ಗಂಡಗ ಕುಡುಕ ಅಂದೆ, ಅದು ನಿಮಗ ತಿಳೀತು ಅಂತ ನನಗ ತಿಳೀತು ಅಂತ ಹೇಳ್ಲೇನು? ಅಕಿ ನುಂಗಿದ್ದನ್ನ ಮತ್ತ ಹೊರಗ ತಗಸ್ಲೇನು?" ಎಂದು ರಾಯರು ಗದರುತ್ತಿದ್ದರು. ಗದರಿದ್ದು ಹೆಂಡತಿಯನ್ನಲ್ಲ.

ಹೀಗಿರುವಾಗ ಬಂದದ್ದು ಶಾಲಿನ ಪ್ರಸ್ತಾಪ. ರಾಯರು ಬೇಡವೆಂದು ಕೈಮುಗಿದರು. ಅನಂತರಾಮು ಕೇಳಬೇಕಲ್ಲ! "ಅಯ್ಯೋ, ಇಷ್ಟೊಂದು ಸಂಕೋಚ ಯಾಕೆ ಸಾರ್? ನಿಮ್ಮಂಥೋರು ಇದಾರೆ ಅಂತಾನೆ ಇಲ್ಲಿ ಕನ್ನಡ ಉಳಿದಿರೋದು," ಎಂದು ಕಾರ್ಡು ಮುದ್ರಿಸಿಯೇಬಿಟ್ಟರು. ಸಭೆಯಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು, ತೆಂಗಿನಕಾಯಿ ಕೈಗಿತ್ತರು. ಮಾರ್ತಾಂಡರಾಯರು ಮೈಕಿನೆದುರು ನಿಂತು ಇಂದು ಎಲ್ಲವನ್ನೂ ಹೇಳಿಬಿಡುವೆನೆಂದು ಬಾಯಿ ತೆರೆದರು. "ಈ ಶಾಲಿಗೆ ನಾನು ಯೋಗ್ಯನಲ್ಲ. ನಾನು ನಮ್ಮ ಭಾಷೆಯಿಂದ ಒಬ್ಬರ ಮನಸ್ಸು ನೋಯಿಸಿದ್ದೇನೆ," ಎಂದರು. ಸಭೆ ಭರ್ಜರಿಯಾಗಿ ಚಪ್ಪಾಳೆ ತಟ್ಟಿತು. ಎಂಥ ವಿನಯ, ಎಂದು ಮುಂದಿನ ಸಾಲಿನವರು ತಲೆದೂಗಿದರು. ಆ ಚಪ್ಪಾಳೆಯಲ್ಲಿ ಉಳಿದ ಮಾತು ಮುಳುಗಿಹೋಯಿತು. ರಾಯರು ಕೆಳಗಿಳಿದು ಬಂದು ಕೂತಾಗ ಅವರ ಕಿವಿಗಳೆರಡೂ ಕೆಂಪಾಗಿದ್ದವಂತೆ.

ಮರುದಿನವೇ ಯಂತ್ರದ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟರು. "ನಾನೂ ಬರ್ತೀನ್ರಿ," ಎಂದರು ಶಾಮಲಾಬಾಯಿ. "ಬ್ಯಾಡ. ಆಡಿದಾಂವ ನಾನು," ಎಂದು ಒಬ್ಬರೇ ಹೊರಟರು, ಸುತ್ತು ದಾರಿ ಹಿಡಿಯದೆ.

ಬಾಗಿಲು ತೆರೆದವಳು ಹರ್ಷದಾಳೇ. ರಾಯರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮಾಯವಾಗಿ, ರೂಢಿಯ ಬಲದಿಂದ ನಾಲಿಗೆ ತನ್ನ ಹಳೆಯ ಪಾಠವನ್ನೇ ಒಪ್ಪಿಸಿತು: "ನಿಮಗ ಕನ್ನಡ ತಿಳೀತದೇನ್ರಿ?"

ಅವಳು ಅವರ ಮುಖವನ್ನು ನೋಡಿದಳು. "ಕಾಯ್ ಮ್ಹಣಾಲಾತ್?" ಏನಂದಿರಿ, ಎಂದಳು.

ಎಂಥ ಉತ್ತರ! ಕನ್ನಡವೇ ತಿಳಿಯದವಳ ಮುಂದೆ ಯಾವ ತಪ್ಪನ್ನು ಒಪ್ಪಿಕೊಳ್ಳುವುದು? ಆ ದಾರಿಯನ್ನು ಅವಳು ಮೆತ್ತಗೆ ಮುಚ್ಚಿದ್ದಳು. ಅದು ತಿರಸ್ಕಾರವೋ, ಇವರ ಮಾನ ಉಳಿಯಲೆಂಬ ದಯೆಯೋ, ರಾಯರಿಗೆ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ತಡವರಿಸುತ್ತ ಮರಾಠಿಯಲ್ಲಿ ಹೇಳಿದರು. ನನ್ನ ಕಸುಬು ಕಿವಿಯದು. ಆ ದಿನ ಗಾಡಿ ಹೊರಡಿಸುವಾಗ ನಿಮ್ಮ ತಾಯಿ ಒಳಗಿನಿಂದ ಕೇಳಿದ್ದು ಕೇಳಿಸಿತ್ತು. ನೀವು ಹೇಳಿದ್ದೂ ಕೇಳಿಸಿತ್ತು. ಅವರ ಕಿವಿ ಪರೀಕ್ಷಿಸಲು ಬಂದಿದ್ದೇನೆ, ಇದು ವ್ಯಾಪಾರವಲ್ಲ.

ನೀವು ಹೇಳಿದ್ದೂ ಕೇಳಿಸಿತ್ತು ಎಂದಾಗ ಹರ್ಷದಾಳ ಮುಖದ ಬಣ್ಣ ಬದಲಾಯಿತು.  ಆಮೇಲೆ ಪಕ್ಕಕ್ಕೆ ಸರಿದು, "ತಿಲಾ ಕಾನಡೀಚ್ ಯೇತೆ," ಅವಳಿಗೆ ಕನ್ನಡವಷ್ಟೇ ಬರುತ್ತದೆ, ಎಂದಳು, ಮರಾಠಿಯಲ್ಲಿಯೇ.

ಮುದುಕಿ ಮಂಚದ ಮೇಲೆ ಕೂತಿದ್ದಳು. ರಾಯರು ಕಿವಿಗೆ ಹೆಡ್‌ಫೋನ್ ಇಟ್ಟು, ಶಬ್ದ ಕೇಳಿದಾಗ ಬೆರಳೆತ್ತಿಸಿ, ತಾವು ತಂದ ಯಂತ್ರವನ್ನು ಆ ಕಿವಿಯ ಅಳತೆಗೆ ಹೊಂದಿಸಿ ಕೂಡಿಸಿದರು.  ಮುದುಕಿ ಅಡಿಗೆಮನೆಯ ಕಡೆ ತಿರುಗಿ, "ಹರ್ಷಾ, ಹಾಲು ಉಕ್ಕಾಕತ್ತೈತಿ ನೋಡ," ಎಂದಳು, ಸಣ್ಣ ಧ್ವನಿಯಲ್ಲಿ, ತನ್ನ ದನಿಯನ್ನು ತಾನೇ ಕೇಳಿಸಿಕೊಂಡು. ಹರ್ಷದಾ ಓಡಿಹೋಗಿ ಒಲೆ ಆರಿಸಿ ಬಂದು ಬಾಗಿಲ ಬಳಿ ನಿಂತುಕೊಂಡಳು. ರಾಯರು ಪೆಟ್ಟಿಗೆ ಮುಚ್ಚಿ ಏಳುವಷ್ಟರಲ್ಲಿ ಮುದುಕಿ ಅವರ ಜಾಕೀಟನ್ನು ಹಿಡಿದು ಕೂಡಿಸಿದಳು.

"ಗಾಡಿ ಒಯ್ದಾವರು ನೀವs ಏನ್ರೀ ಯಪ್ಪಾ? ನಮ್ಮ ಅಳಿಯನ್ನ ಭಾಳ ಹೊಗಳಿದ್ರಂತ. ಹರ್ಷಾ ಹೇಳ್ಯಾಳ. ಆವತ್ತ ನನಗ ನೆಟ್ಟಗ ಕೇಳಲಿಲ್ಲ. ಏನೇನಂದ್ರಿ, ನಿಮ್ಮ ಬಾಯಿಲೆ ಇನ್ನೊಮ್ಮೆ ಹೇಳ್ರಿ. ಈಗ ಕೇಳತಾವ."

ಅಲ್ಲಿಂದ ಓಡಿಹೋಗಲು ಸಾಧ್ಯವಿದ್ದರೆ ಮಾರ್ತಾಂಡರಾಯರು ಓಡಿಬಿಡುತ್ತಿದ್ದರು. ಎದುರಿಗೆ ಪಟದಲ್ಲಿ ಸ್ವಪ್ನಿಲ್, ಬಾಗಿಲಲ್ಲಿ ಎಲ್ಲ ಬಲ್ಲ ಹರ್ಷದಾ, ತುಟಿಗೆ ಕಣ್ಣು ನೆಟ್ಟು ಕೂತ ಮುದುಕಿ. ತಾವೆಂದೂ ಆಡದ ಹೊಗಳಿಕೆಯನ್ನು ಎರಡನೆಯ ಸಲ ಆಡಬೇಕು. ಆಕೆಯ ಮುಖಕ್ಕೆ ಮುಖ ಕೊಟ್ಟು ಹೇಳಿದರು.

"ಯವ್ವಾ, ಗಾಡಿ ಒಂದಿನಾನೂ ಕೈ ಕೊಟ್ಟಿಲ್ಲ. ಥಂಡ್ಯಾಗೂ ಒಮ್ಮಿಗೇ ಚಾಲೂ ಆಗತದ. ಆ ಬಾಗಲಕ್ಕ ಟ್ಯೂಬ್ ಹಚ್ಚ್ಯಾರಲ್ಲ, ಮಕ್ಕಳ ಬೆರಳು ಸಿಗಬಾರದು ಅಂತ, ಅಷ್ಟ ಕಾಳಜಿ ನಾ ಎಲ್ಲೂ ನೋಡಿಲ್ಲ. ನಮ್ಮ ಬಾಜೂಮನಿ ಹುಡುಗಿ ಬೆರಳು ಅದರಿಂದs ಉಳೀತು. ಭಾಳ ದೊಡ್ಡ ಮನುಷ್ಯಾ ರೀ ನಿಮ್ಮ ಅಳಿಯ."

"ಆ ಟ್ಯೂಬ್ ಹಚ್ಚುವಾಗ ಒಂದ ತುದಿ ನಾನs ಹಿಡಕೊಂಡಿದ್ದೆ," ಎಂದು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹುಡುಗರ ಗಾಡಿ ಅಂತ ಅಡಿಕಿ ಸುದ್ದಾ ಬಾಯಾಗ ಹಾಕ್ಕೊತಿದ್ದಿಲ್ಲ ಯಪ್ಪಾ. ಜ್ವರ ಬಂತು, ತಲಿಗೇರಿತು, ಹ್ವಾದ."

ಅಡಿಕೆಯನ್ನೂ ಮುಟ್ಟದವನು. ರಾಯರು ತಲೆ ಎತ್ತಲಾರದೆ ಹಾಗೆಯೇ ಕೂತರು. ಎತ್ತಿದಾಗ ಬಾಗಿಲು ಖಾಲಿಯಿತ್ತು. ಹರ್ಷದಾ ಒಳಗಿನಿಂದ ಚಹಾ ತಂದಿಟ್ಟಳು, ಸಕ್ಕರೆ ಸಾಕೇ ಎಂದು ಮರಾಠಿಯಲ್ಲಿ ಕೇಳಿದಳು, ಆ ದಿನ ಕೇಳಿದ ಅದೇ ಧ್ವನಿಯಲ್ಲಿ. ಬೀಳ್ಕೊಡುವಾಗ "ಸಾವಕಾಶ ಜಾ," ನಿಧಾನವಾಗಿ ಹೋಗಿ, ಎಂದಳು. ಅಷ್ಟೇ. ಕನ್ನಡದ ಒಂದೇ ಒಂದು ಮಾತನ್ನು ಅವಳು ರಾಯರಿಗೆ ಕೊಡಲಿಲ್ಲ. ಈಗಲೂ ರಾಯರು ಯಂತ್ರದ ಬ್ಯಾಟರಿ ಬದಲಿಸಲು ಆ ಮನೆಗೆ ಹೋಗುತ್ತಾರೆ, ಮುದುಕಿಯ ಸಂಗಡ ಮನಸಾರೆ ಕನ್ನಡ ಮಾತಾಡುತ್ತಾರೆ, ಮಗಳು ಮರಾಠಿಯಲ್ಲೇ ಚಹಾ ಕೊಡುತ್ತಾಳೆ. ಹೋದಾಗಲೆಲ್ಲ ಬಾಗಿಲಲ್ಲಿ ನಿಂತು ಆ ಪ್ರಶ್ನೆಯನ್ನು ಒಮ್ಮೆ ಕೇಳುವುದನ್ನು ಇವರೂ ಬಿಟ್ಟಿಲ್ಲ, "ಕಾಯ್ ಮ್ಹಣಾಲಾತ್?" ಎನ್ನುವುದನ್ನು ಅವಳೂ ಬಿಟ್ಟಿಲ್ಲ.

ತಪ್ಪು ಮಾಡಿದವರಲ್ಲಿ ಹೆಚ್ಚಿನವರು ಎರಡು ದಿನ ಕೊರಗಿ, ಮೂರನೆಯ ದಿನ ಅದಕ್ಕೊಂದು ನೆವ ಹುಡುಕಿ ಮರೆತು ಬದುಕುತ್ತಾರೆ, ನಾವೆಲ್ಲ ಆ ಪಂಗಡದವರೇ. ಮಾರ್ತಾಂಡರಾಯರಂಥ ಕೆಲವರು ಮಾತ್ರ ತಮ್ಮ ನಾಚಿಕೆಯನ್ನು ಮನೆಯಲ್ಲಿ ಬಿಟ್ಟುಬರಲು ಅರಿಯದೆ ಬೀದಿಯುದ್ದಕ್ಕೂ ಜೊತೆಗೆ ನಡೆಸಿಕೊಂಡು ಹೋಗುತ್ತಾರೆ, ನೋಡುವವರು ಅದನ್ನು ಅಭಿಮಾನವೆಂದು ತಿಳಿದು ಶಾಲು ಹೊದಿಸುತ್ತಾರೆ. ಅಂಥವರಿಗೆ ಸನ್ಮಾನ ಬೇಕಿಲ್ಲ, ಕ್ಷಮೆಯನ್ನೂ ಅವರು ಬಾಯಿಬಿಟ್ಟು ಕೇಳಲಾರರು. ಎಂದಾದರೂ ಪುಣೆಯ ಸಂತೆಯಲ್ಲಿ ಖಾಕಿ ಜಾಕೀಟಿನ, ಮೀಸೆಯಿಲ್ಲದ, ಬಲಗಿವಿ ಮುಂದೆ ಮಾಡಿ ನಡೆಯುವ ಒಬ್ಬ ಮನುಷ್ಯ ನಿಮ್ಮೆದುರು ಬಾಗಿ ನಿಂತು, "ನಿಮಗ ಕನ್ನಡ ತಿಳೀತದೇನ್ರಿ?" ಎಂದು ಕೇಳಿದರೆ ನಗಬೇಡಿ, ಮೊಬೈಲು ತೆಗೆಯಬೇಡಿ. "ತಿಳೀತದ್ರಿ," ಎಂದುಬಿಡಿ. ಒಬ್ಬಳ ಬಾಯಿಂದ ಆ ಒಂದು ಮಾತು ಕೇಳಬೇಕೆಂದು ಅವರು ಊರೆಲ್ಲ ಕೇಳುತ್ತ ತಿರುಗುತ್ತಿದ್ದಾರೆ.